ಕಾರ್ಬನ್ ಹಾಳೆ

ಪುಟಕ್ಕೆ ಮೂರು ರೂಪಾಯಿ, ಎರಡು ಕಾರ್ಬನ್ ಪ್ರತಿ ಸೇರಿ.
ಮಲ್ಲೇಶ್ವರದ ಹದಿನೈದನೇ ಕ್ರಾಸಿನಲ್ಲಿ
ಹಿಟ್ಟಿನ ಗಿರಣಿಯ ಪಕ್ಕ, ಮೂರು ಮೆಟ್ಟಿಲ ಕೆಳಗೆ
ಸುಬೋಧ ಜಾಬ್ ಟೈಪಿಂಗ್.
ರಾಗಿ ಹಿಟ್ಟು ಹಾರಿ ಬಂದು ಕೀಲಿಗಳ ಮೇಲೆ ಕೂರುತ್ತಿತ್ತು.
ಗೋದ್ರೆಜ್ ಯಂತ್ರಕ್ಕೆ ದಿನಾ ಬೆಳಿಗ್ಗೆ
ಹಲ್ಲುಜ್ಜುವ ಹಳೇ ಬ್ರಷ್ಷಿನಿಂದ ಸ್ನಾನ.

ಟಾಟಾ ಇನ್ಸ್ಟಿಟ್ಯೂಟಿನಿಂದ ಸೈಕಲ್ಲಿನಲ್ಲಿ ಬಂದವರು ಇಂದುಧರ ಉಡುಪ.
ಕ್ಯಾರಿಯರ್‌ಗೆ ಸಿಕ್ಕಿಸಿದ ರಟ್ಟಿನೊಳಗೆ
ವಿಶ್ವದ ಕೊನೆ, ಕೈಬರಹದಲ್ಲಿ.
"ಫಿಲೋಮಿನಾ ಅವರೇ, ಸಮೀಕರಣ ಬಂದಲ್ಲಿ
ನಾಲ್ಕು ಬೆರಳು ಜಾಗ ಬಿಡಿ, ನಾನೇ ಬರೆದುಕೊಳ್ತೀನಿ."
ಬಿಟ್ಟೆ.
ಎಂಬತ್ನಾಲ್ಕರ ಆ ಬೇಸಿಗೆಯೆಲ್ಲ ನಾನು ಬಡಿದದ್ದು
ಕುಳಿಗಳ ಸುತ್ತಲಿನ ಮಾತು:
ಆದ್ದರಿಂದ, ಇಲ್ಲಿ ಗಮನಿಸಬೇಕಾದ್ದು,
ಇದರಿಂದ ತಿಳಿಯುವುದೇನೆಂದರೆ.
ತಿಳಿಯಬೇಕಾದ್ದು ಮಾತ್ರ ಖಾಲಿ.

ಐದನೇ ಅಧ್ಯಾಯದಲ್ಲಿ ನಕ್ಷತ್ರಗಳು
ಒಂದೊಂದಾಗಿ ಆರುತ್ತವೆ.
ಸಂಪಿಗೆ ರಸ್ತೆಯ ಅಂಗಡಿಗಳ ಹಾಗಲ್ಲ,
ಬೆಳಿಗ್ಗೆ ಯಾರೂ ಶಟರ್ ಎತ್ತುವುದಿಲ್ಲ.
ಉಳಿಯುವುದು ಕಪ್ಪುಕುಳಿಗಳು.
ಅವೂ ಸೋರುತ್ತವಂತೆ, ಮಣ್ಣಿನ ಹೂಜಿ ಬೆವರುವ ಹಾಗೆ.
ಒಂದರ ಮುಂದೆ ನೂರು ಸೊನ್ನೆ ಇಟ್ಟಷ್ಟು ವರ್ಷ
ಸೋರಿ, ಸೋರಿ,
ಕೊನೆಗೆ ನೀರೂ ಇಲ್ಲ, ಹೂಜಿಯೂ ಇಲ್ಲ,
ಬಾಯಾರಿಕೆಯೂ ಇಲ್ಲ.

ರೋಲರನ್ನು ಅರ್ಧ ಹಲ್ಲು ತಿರುಗಿಸಿ
ಹತ್ತರ ತಲೆಯ ಮೇಲೆ ನೂರನ್ನು ಕೂರಿಸುವಾಗ
ಒಂದು ಸೊನ್ನೆ ಬಿಟ್ಟುಬಿಟ್ಟೆ.
ಉಡುಪರು ಓದಿ, ಕನ್ನಡಕ ತೆಗೆದು ನಕ್ಕರು:
"ಹೀಗಾದ್ರೆ ನಾವು ಆಗಲೇ ಮುಗಿದುಹೋಗಿದ್ದೀವಿ!"
ಬಿಳಿ ಬಣ್ಣ ಹಚ್ಚಿ, ಊದಿ, ಒಣಗಿಸಿ
ಲೋಕಕ್ಕೆ ಆಯುಸ್ಸು ಕೊಟ್ಟೆ.
ಅದಕ್ಕೆ ದುಡ್ಡು ತಗೊಳ್ಳಲಿಲ್ಲ.

ಒಂದು ಸಂಜೆ ಕೇಳಿದೆ, ಒಳಗೆ ಬಿದ್ದದ್ದು ಏನಾಗತ್ತೆ?
"ತೂಕ ಉಳಿಯುತ್ತೆ. ಬಿದ್ದದ್ದು ಕಲ್ಲೋ, ಕಾಗದವೋ, ಕುದುರೆಯೋ
ಅನ್ನೋದು ಅಳಿಯುತ್ತೋ ಇಲ್ವೋ
ನಮ್ಮ ಗೈಡಿಗೂ ಗೊತ್ತಿಲ್ಲ. ಜಗಳ ನಡೀತಿದೆ."
ಅಷ್ಟರಲ್ಲಿ ಗಿರಣಿ ನಿಂತಿತು.
ಗದ್ದಲಕ್ಕೆಂದು ಎತ್ತಿದ್ದ ಅವರ ದನಿ
ಇದ್ದಕ್ಕಿದ್ದಂತೆ ಕೋಣೆ ತುಂಬ ದೊಡ್ಡದಾಗಿ ಕೇಳಿ
ಇಬ್ಬರಿಗೂ ನಾಚಿಕೆಯಾಯಿತು.

ಈಗ ಅಲ್ಲಿ ಮೊಬೈಲ್ ಕವರ್ ಮಾರುತ್ತಾರೆ.
ನಾನಿರುವುದು ಲಿಂಗರಾಜಪುರದಲ್ಲಿ, ಮೂರನೇ ಮಹಡಿ.
ನಿನ್ನೆ ಬೀರು ಸರಿಸಿದಾಗ ಹಿಂದೆ ಸಿಕ್ಕಿತು
ಒಂದು ಕಾರ್ಬನ್ ಹಾಳೆ.
ಇಪ್ಪತ್ತು ಸಲವಾದರೂ ಬಳಸಿದ್ದು; ಬಿಸಾಡಲು ಆಗಿನ ನನ್ನ ಜಿಪುಣತನ.
ಓರೆಯಾಗಿ ಹಿಡಿದರೆ ಅಕ್ಷರದ ಮೇಲೆ ಅಕ್ಷರ, ಅದರ ಮೇಲೆ ಅಕ್ಷರ:
ಯಾರದೋ ಬಾಡಿಗೆ ಕರಾರು, ವಿಧವಾ ಪಿಂಚಣಿಯ ಅರ್ಜಿ,
ಬಿನ್ನಿ ಮಿಲ್ಲಿನವರೊಬ್ಬರ ರಾಜೀನಾಮೆ,
ಐದನೇ ಅಧ್ಯಾಯ,
ಮತ್ತೆ, ಅಂಗಡಿ ಮುಚ್ಚಿದ ಮೇಲೆ ಒಂದು ರಾತ್ರಿ
ನಾನೇ ಬಡಿದು ಹರಿದುಹಾಕಿದ ಎರಡು ಸಾಲು.
ಯಾರಿಗೆ ಎಂದು ಕೇಳಬೇಡಿ.
ಎಲ್ಲ ಇದೆ. ಓದಲು ಬರುವುದಿಲ್ಲ, ಅಷ್ಟೆ.
ಉಡುಪರಿಗೆ ತೋರಿಸಬೇಕಿತ್ತು, ಜಗಳಕ್ಕೆ ಒದಗುತ್ತಿತ್ತೇನೋ.
ಎಲ್ಲಿದ್ದಾರೋ. ಇದ್ದಾರೋ.

ಟ್ಯೂಬ್‌ಲೈಟಿಗೆ ಎತ್ತಿ ಹಿಡಿದೆ.
ಕಪ್ಪು ಹಾಳೆಯ ತುಂಬ ಸೂಜಿಮೊನೆಯಷ್ಟು ಬೆಳಕು,
ಇಲ್ಲಿ, ಅಲ್ಲಿ, ಒಂದೆಡೆ ದಟ್ಟ, ಒಂದೆಡೆ ವಿರಳ.
ಏನೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.
ಪೂರ್ಣವಿರಾಮಗಳು!
ನನ್ನ ಬಲಗೈಯ ಉಂಗುರ ಬೆರಳು ಮೊದಲಿನಿಂದಲೂ ಒರಟು,
ವಾಕ್ಯ ಮುಗಿದಲ್ಲೆಲ್ಲ ತೂತು ಹೊಡೆದಿತ್ತು.
ಇಷ್ಟೊಂದು ಮುಗಿಸಿದ್ದೆನೇ ನಾನು?

ಮಡಿಸಿ ಇಟ್ಟೆ. ಕೈಗೆ ಕಪ್ಪು ಹತ್ತಿತ್ತು;
ನಲವತ್ತು ವರ್ಷವಾದರೂ ಸೋರುತ್ತಲೇ ಇದೆ.
ಎರಡು ಸಲ ಸೋಪು ಹಾಕಿ ತೊಳೆದೆ.
ಆಮೇಲೂ ಸ್ವಿಚ್ಚಿನ ಮೇಲೆ, ಹಾಲಿನ ಲೋಟದ ಮೇಲೆ,
ಇವತ್ತು ಬೆಳಿಗ್ಗೆ ಪೇಪರಿನ ಹುಡುಗನಿಗೆ ಕೊಟ್ಟ
ನೂರರ ನೋಟಿನ ಮೇಲೆ, ಎರಡು ಸೊನ್ನೆಗಳ ಪಕ್ಕ.